ದಂಡಿನ ಕಡೆಯ ಹಳೇ ಬಂಗಲೆ, ಆಮೇಲೆ ಹೆರಿಗೆ ಆಸ್ಪತ್ರೆ: ಇತಿಹಾಸ ಹುಡುಕೋದು ಎಲ್ಲಿಂದ, ರಿಪೇರಿ ಶುರು ಮಾಡೋದು ಎಲ್ಲಿಂದ?

ಮಂಕಿಟಾಪ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ರಿಚ್ಮಂಡ್ ಟೌನ್ ಕಡೆಯ ಒಂದು ದೊಡ್ಡ ಬಂಗಲೆಯ ವಿಷಯ. ಮುಂದೆ ಪೋರ್ಟಿಕೊ, ಮೂರು ಕಡೆ ವರಾಂಡ, ಕಿಟಕಿಗಳಿಗೆ ಮಂಕಿಟಾಪ್ (ಚೂಪು ಮಾಡಿನ ಮರದ ಮುಚ್ಚಿಗೆ), ನಡುವೆ 18 ಅಡಿ ಎತ್ತರದ ಹಾಲ್, ಹಿಂದೆ ಔಟ್‌ಹೌಸ್ ಸಾಲು. ಹಾಲ್ ಮೇಲೆ ಮದ್ರಾಸ್ ತಾರಸಿ (ಮರದ ಜಂತೆ, ಅದರ ಮೇಲೆ ಇಟ್ಟಿಗೆ, ಸುಣ್ಣದ ಜಲ್ಲಿ), ವರಾಂಡಕ್ಕೆ ಮಂಗಳೂರು ಹಂಚು. ಬಹಳ ವರ್ಷ ನರ್ಸಿಂಗ್ ಹೋಂ ಆಗಿತ್ತು, ಹೆಚ್ಚಿನಂಶ ಹೆರಿಗೆ ಆಸ್ಪತ್ರೆ. ಈಗ ಖಾಲಿ. ಒಂದು ಟ್ರಸ್ಟ್ ಇಲ್ಲಿ ವಾಚನಾಲಯ ಮತ್ತು ಸಣ್ಣ ಕ್ಲಿನಿಕ್ ಮಾಡಲಿದೆ. ಕೆಲಸಕ್ಕೆ ಕೈ ಹಾಕೋ ಮುಂಚೆ ಕಟ್ಟಡದ ಇತಿಹಾಸ ಆಧಾರ ಸಮೇತ ಬರೆದಿಡಬೇಕು ಅನ್ನೋದು ತೀರ್ಮಾನ.

ಕೈಯಲ್ಲಿರೋ ಕಾಗದ 1961ರ ಒಂದು ಕ್ರಯಪತ್ರ ಮಾತ್ರ. ‘ಪ್ಲೇಗ್ ಕಾಲದಲ್ಲೇ ಇದು ಆಸ್ಪತ್ರೆ ಆಗಿತ್ತು’ ಅಂತ ಬೀದಿಯವರೆಲ್ಲ ಹೇಳ್ತಾರೆ. ಅದು ನಿಜವೋ ಅಲ್ಲವೋ ತಿಳಿಯೋದು ಹೇಗೆ? ಕಟ್ಟಿದ ವರ್ಷ, ಆಸ್ಪತ್ರೆ ಆದ ವರ್ಷ ಎರಡನ್ನೂ ಎಷ್ಟು ಹತ್ತಿರಕ್ಕೆ ತರಬಹುದು? ಒಳಗೆ ಹತ್ತಾರು ಅಡ್ಡಗೋಡೆಗಳಿವೆ, ಯಾವುದು ಮೂಲದ್ದು, ಯಾವುದು ಆಸ್ಪತ್ರೆಯವರು ಕಟ್ಟಿದ್ದು? ಹಾಲ್ ತಾರಸಿ ಸೋರುತ್ತಿದೆ, ಹಳೇ ಆಪರೇಷನ್ ಥಿಯೇಟರಿನ ಗೋಡೆಯಲ್ಲಿ ಟೈಲ್ಸ್ ಮೇಲ್ಗಡೆ ಉಪ್ಪು ಹೂ ಬಿಟ್ಟಿದೆ. ಎಕ್ಸ್‌ರೇ ಕೋಣೆಯ ಬಾಗಿಲು ಅಲ್ಲಾಡಿಸೋಕೂ ಆಗದಷ್ಟು ಭಾರ. ಎಲ್ಲಿಂದ ಶುರು ಮಾಡಬೇಕು?

ದಸ್ತಾವೇಜು ಉತ್ತರ:

ಕಾಗದದ ಭಾಗ ನಾನು ಹೇಳ್ತೀನಿ. ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ: ನಿಮ್ಮ ಬಂಗಲೆ ದಂಡಿನ (ಕಂಟೋನ್ಮೆಂಟ್) ಕಡೆಯದ್ದು, ಪೇಟೆ ಕಡೆಯದ್ದಲ್ಲ. 1881ರಿಂದ 1947ರ ಜುಲೈವರೆಗೆ ಅದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಅಂದರೆ ಬ್ರಿಟಿಷ್ ರೆಸಿಡೆಂಟರ ಆಡಳಿತ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಎರಡು ಮುನಿಸಿಪಾಲಿಟಿಗಳು ಒಂದಾಗಿದ್ದು 1949ರಲ್ಲಿ. ಹಾಗಾಗಿ ಮೈಸೂರು ಸರ್ಕಾರದ ಕಡತದಲ್ಲಿ ನಿಮ್ಮ ಮನೆ ಹುಡುಕಿದರೆ 1947ಕ್ಕೆ ಮುಂಚಿನದು ಸಿಗದೇ ಇರೋದು ಸಹಜ. ಸಿಗಲಿಲ್ಲ ಅಂತ ಮನೆಯೇ ಇರಲಿಲ್ಲ ಅನ್ನೋ ತೀರ್ಮಾನಕ್ಕೆ ಬರಬೇಡಿ. ರೆಸಿಡೆನ್ಸಿಯ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಸಂಸ್ಥಾನದ ಕಡತಗಳಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ. ಎರಡಕ್ಕೂ ಮನವಿಯಲ್ಲಿ ರಸ್ತೆಯ ಹಳೇ ಹೆಸರು, ಹಳೇ ಬಂಗಲೆ ನಂಬರು ಬರೆಯಬೇಕು. ಇವತ್ತಿನ ಖಾತೆ ನಂಬರು ಅಲ್ಲಿ ಯಾರಿಗೂ ಅರ್ಥವಾಗಲ್ಲ.

ಹಳೇ ನಂಬರು ಸಿಗೋದು ಕ್ರಯಪತ್ರದಲ್ಲೇ. ನಿಮ್ಮ 1961ರ ಪತ್ರದ ಕೊನೆಯ ಷೆಡ್ಯೂಲ್ ತೆಗೆದು ಚೆಕ್ಕುಬಂದಿ ಓದಿ. ಪೂರ್ವಕ್ಕೆ ಯಾರ ಸ್ವತ್ತು, ಪಶ್ಚಿಮಕ್ಕೆ ಯಾವ ರಸ್ತೆ ಅಂತ ಬರೆದಿರುತ್ತೆ. ಪಕ್ಕದ ಮನೆಯವರ ಪತ್ರದಲ್ಲಿ ನಿಮ್ಮ ಮನೆ ಅವರ ಗಡಿಯಾಗಿ ಬಂದಿರುತ್ತೆ, ಅಲ್ಲಿ ನಿಮ್ಮ ಹಿಂದಿನ ಮಾಲೀಕರ ಹೆಸರು ಪುಕ್ಕಟೆಯಾಗಿ ಸಿಗುತ್ತೆ. ಇದನ್ನು ಬಹಳ ಜನ ಬಿಟ್ಟುಬಿಡ್ತಾರೆ. ಪತ್ರದ ಮೊದಲ ಪುಟದಲ್ಲಿ ಮಾರುವವರಿಗೆ ಸ್ವತ್ತು ಹೇಗೆ ಬಂತು ಅಂತ ಒಂದೆರಡು ಸಾಲು ಇರುತ್ತೆ: ಹಿಂದಿನ ಕ್ರಯವೋ, ಉಯಿಲೋ, ದಾನವೋ, ಅದರ ನಂಬರು, ವರ್ಷ, ಉಪನೋಂದಣಿ ಕಚೇರಿ. ಆ ನಂಬರು ಹಿಡಿದು ಹಿಂದೆ ಹೋಗಬೇಕು, ಹೆಸರು ಹಿಡಿದು ಹೋಗಬಾರದು. ಒಂದೇ ಹೆಸರಿನ ಹತ್ತು ಜನ ಇರ್ತಾರೆ.

ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇ.ಸಿ. (ಋಣಭಾರ ಪತ್ರ) ಸಿಗೋದು 2004ರ ಏಪ್ರಿಲ್‌ನಿಂದ ಈಚೆಗೆ ಮಾತ್ರ. ಅದಕ್ಕೆ ಹಿಂದಿನದಕ್ಕೆ ನಮೂನೆ 22ರಲ್ಲಿ ಅರ್ಜಿ ಹಾಕಿ ಕೈಬರಹದ ಪುಸ್ತಕ ಹುಡುಕಿಸಬೇಕು. ಒಂದೇ ಅರ್ಜಿಯಲ್ಲಿ 1900ರಿಂದ ಅಂತ ಕೇಳಬೇಡಿ. ಹತ್ತು ಹನ್ನೆರಡು ವರ್ಷದ ತುಂಡು ಮಾಡಿ, 1961ರಿಂದ ಹಿಂದಕ್ಕೆ ಹೋಗಿ, ಪ್ರತಿ ತುಂಡಿಗೂ ಆ ಕಾಲದ ನಂಬರು ಕೊಡಿ. ಹಳೇ ನಂಬರು ಕೊಡದೆ ಹೋದರೆ ‘ನಿಲ್’ (ಏನೂ ಇಲ್ಲ) ಅಂತ ಬರುತ್ತೆ, ಅದನ್ನು ನಂಬಿ ಜನ ಹುಡುಕೋದನ್ನೇ ನಿಲ್ಲಿಸ್ತಾರೆ. ಕಚೇರಿಗಳ ಸರಹದ್ದು ಹಲವು ಸಲ ಬದಲಾಗಿದೆ. ಪುಸ್ತಕ ಈಗ ಎಲ್ಲಿದೆ ಅನ್ನೋದನ್ನು ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿಯ ಒಂದನೇ ಪುಸ್ತಕ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಉಯಿಲುಗಳ ಮೂರನೇ ಪುಸ್ತಕದ ನಕಲು ಬರೆದವರು ತೀರಿಕೊಂಡ ಮೇಲೆ ಯಾರು ಕೇಳಿದರೂ ಕೊಡಬೇಕು, ಆದರೆ ಹುಡುಕೋದು ಅಧಿಕಾರಿಯೇ. ಬಂಗಲೆಗಳು ಕೈ ಬದಲಾಗೋದು ಎಷ್ಟೋ ಸಲ ಉಯಿಲಿನಲ್ಲಿ. ಉಯಿಲಿನಲ್ಲಿ ಮನೆಯ ಹೆಸರು, ಪೀಠೋಪಕರಣ, ಔಟ್‌ಹೌಸ್ ಎಲ್ಲಾ ಬರೆದಿರೋ ಸಾಧ್ಯತೆ ಇರುತ್ತೆ. ಬಿಡಬೇಡಿ.

ಇನ್ನು ಆಸ್ಪತ್ರೆ ಆದ ವರ್ಷ. ಕ್ರಯಪತ್ರದ ವರ್ಷವನ್ನೇ ಆಸ್ಪತ್ರೆಯ ವರ್ಷ ಅಂತ ಬರೆಯೋದು ಸಾಮಾನ್ಯ ತಪ್ಪು. ವೈದ್ಯರು ಮೊದಲು ಬಾಡಿಗೆಗೆ ಹಿಡಿದು, ನಡೆದ ಮೇಲೆ ಕೊಂಡಿರಬಹುದು. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು, ಹಾಗಾಗಿ ಅದೇ ಒಂದನೇ ಪುಸ್ತಕದಲ್ಲಿ ಲೀಸ್ ಇದೆಯಾ ನೋಡಿ. ಖಾಸಗಿ ನರ್ಸಿಂಗ್ ಹೋಂಗಳ ರಾಜ್ಯ ಕಾಯ್ದೆ ಬಂದಿದ್ದು 1976ರಲ್ಲಿ, ಈಗಿನ ಕೆ.ಪಿ.ಎಂ.ಇ. (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ 2007ರದ್ದು. 1976ಕ್ಕೆ ಹಿಂದಿನ ಆಸ್ಪತ್ರೆಗೆ ಆ ನೋಂದಣಿ ಪತ್ರ ಇರೋಕೆ ಸಾಧ್ಯವೇ ಇಲ್ಲ. ಹೆರಿಗೆ ಆಸ್ಪತ್ರೆ ಆದ್ದರಿಂದ ನಿಮಗೆ ಇದಕ್ಕಿಂತ ಒಳ್ಳೇ ಆಧಾರ ಉಂಟು: ಜನನ ಪ್ರಮಾಣಪತ್ರ. ಹುಟ್ಟಿದ ಸ್ಥಳದ ಕಾಲಮ್ಮಿನಲ್ಲಿ ಮನೆ ನಂಬರೋ ಆಸ್ಪತ್ರೆಯ ಹೆಸರೋ ಇರುತ್ತೆ. ಅಲ್ಲಿ ಹುಟ್ಟಿದ ಹಿರಿಯರಿಂದ ಪ್ರತಿ ತರಿಸಿಕೊಳ್ಳಿ, ಅತಿ ಹಳೆಯ ದಿನಾಂಕವೇ ನಿಮ್ಮ ಮಿತಿ. ಪಾಲಿಕೆಯ ರಿಜಿಸ್ಟರನ್ನು ಸುಮ್ಮನೆ ತಿರುವಿ ಹಾಕೋಕೆ ಬಿಡಲ್ಲ. ನಿರ್ದಿಷ್ಟ ಹೆಸರು, ದಿನಾಂಕ ಕೊಟ್ಟರೆ 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಹುಡುಕಿ ಕೊಡ್ತಾರೆ.

1942ರಿಂದ 46ರ ನಡುವೆ ಮಾಲೀಕರ ಜಾಡು ತಪ್ಪಿದರೆ ಸೈನ್ಯ ಬಂಗಲೆಯನ್ನು ವಶಕ್ಕೆ ತಗೊಂಡಿತ್ತಾ ಅಂತಲೂ ನೋಡಿ. ಯುದ್ಧಕಾಲದಲ್ಲಿ ಭಾರತ ರಕ್ಷಣಾ ನಿಯಮಗಳಡಿ ಹಾಗೆ ತಗೊಳ್ಳೋ ಅಧಿಕಾರ ಇತ್ತು.

ಗಾರೆ ಉತ್ತರ:

ದಸ್ತಾವೇಜು ಅವರು ಹೇಳಿದ್ದು ಸರಿ, ಆದರೆ ಕಾಗದ ಬರೋಕೆ ತಿಂಗಳುಗಟ್ಟಲೆ ಬೇಕು. ಗೋಡೆ ಇವತ್ತೇ ಓದಬಹುದು. ಒಂದೇ ಷರತ್ತು: ಓದಿ ಮುಗಿಯೋವರೆಗೆ ಒಂದು ಇಟ್ಟಿಗೆಯನ್ನೂ ಕೀಳಬೇಡಿ, ಒಂದು ಕೋಟ್ ಬಣ್ಣವನ್ನೂ ಬಳಿಯಬೇಡಿ.

ಮೊದಲು 50ಕ್ಕೆ 1ರ ಅಳತೆಯಲ್ಲಿ ನಕ್ಷೆ ಬರೆದು ಪ್ರತಿ ಗೋಡೆಯ ದಪ್ಪ ಗುರುತು ಹಾಕಿ. ಬಾಗಿಲ ಕಂಡಿಯಲ್ಲಿ ಎರಡೂ ಕಡೆಯ ಗಿಲಾವು ಸೇರಿಸಿ ಅಳೆದರೆ ಸಾಕು. 18ರಿಂದ 24 ಇಂಚು ಬಂದರೆ ಮೂಲದ ಭಾರ ಹೊರುವ ಗೋಡೆ. 5ರಿಂದ 6 ಇಂಚು ಬಂದರೆ ಅರ್ಧ ಇಟ್ಟಿಗೆಯ ಪಾರ್ಟಿಷನ್, ಬಹುತೇಕ ಆಸ್ಪತ್ರೆಯದ್ದು. ತೊಂದರೆ ಕೊಡೋದು ನಡುವಿನ 9-10 ಇಂಚಿನವು. ಅವಕ್ಕೆ ಮೂರು ಕಡೆ ನೋಡಿ. ಮೇಲೆ ಸೀಲಿಂಗ್ ಅಂಚಿನ ಕಾರ್ನಿಸ್ ಈ ಗೋಡೆಗೆ ಬಂದು ತಿರುಗುತ್ತಾ, ಅಥವಾ ಗೋಡೆಯೇ ಕಾರ್ನಿಸನ್ನು ಕತ್ತರಿಸಿ ನಿಂತಿದೆಯಾ? ಕೆಳಗೆ ಕೆಂಪು ಕಾವಿ ನೆಲದ ಅಂಚುಪಟ್ಟಿ ಗೋಡೆಯ ಅಡಿಯಿಂದ ಆಚೆ ಕೋಣೆಗೆ ಮುಂದುವರಿದಿದೆಯಾ? ಪಕ್ಕದಲ್ಲಿ, ದಪ್ಪ ಗೋಡೆಗೆ ಸೇರೋ ಜಾಗದಲ್ಲಿ ನೆಟ್ಟಗೆ ಮೇಲಿಂದ ಕೆಳಗೆ ಕೂದಲೆಳೆ ಬಿರುಕು ಇದೆಯಾ? ಇದ್ದರೆ ಇಟ್ಟಿಗೆ ಹೆಣೆದು ಕಟ್ಟಿಲ್ಲ, ಆಮೇಲೆ ಆನಿಸಿ ಕಟ್ಟಿದ್ದು.

ಇದೆಲ್ಲಕ್ಕಿಂತ ನನಗೆ ನಂಬಿಕೆ ಬಣ್ಣದ ಪದರಗಳ ಮೇಲೆ. ಎದೆ ಮಟ್ಟದಲ್ಲಿ, ಬೆಳಕು ಕಡಿಮೆ ಬೀಳೋ ಮೂಲೆಯಲ್ಲಿ, ಶಸ್ತ್ರಚಿಕಿತ್ಸೆಯ ಬ್ಲೇಡಿನಿಂದ 2 ಸೆಂ.ಮೀ. ಚೌಕದಂತೆ ಮೆಟ್ಟಿಲು ಮೆಟ್ಟಿಲಾಗಿ ಕೆರೆಯಿರಿ. ಒಂದೊಂದು ಚೌಕದಲ್ಲಿ ಒಂದೊಂದು ಪದರ ತೆರೆದುಕೊಳ್ಳಬೇಕು. ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿ. ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಇರುತ್ತೆ, ಮರಳು ಕಾಗದ ಹಾಕಿ ಉಜ್ಜಿದರೆ ಅದರ ಧೂಳು ಉಸಿರಿಗೆ ಹೋಗುತ್ತೆ. ತಳದಲ್ಲಿ ಸುಣ್ಣದ ಹಲವು ಕೋಟ್, ಅದರ ಮೇಲೆ ಡಿಸ್ಟೆಂಪರ್, ಆಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ನಾಲ್ಕೈದು ಅಡಿ ಎತ್ತರದವರೆಗೆ ಮಾತ್ರ ಹೊಳೆಯೋ ಆಯಿಲ್ ಪೇಂಟ್ ಬಂದರೆ, ತೊಳೆಯೋಕೆ ಅನುಕೂಲ ಅಂತ ಆಸ್ಪತ್ರೆಯವರು ಬಳಿದ ಮೊದಲ ಪಟ್ಟಿ ಅದೇ. ಆ ಪದರವನ್ನು ಶೂನ್ಯ ಅಂತ ಇಟ್ಟುಕೊಂಡು ಪ್ರತಿ ಗೋಡೆಯಲ್ಲೂ ಅದರ ಕೆಳಗೆ ಎಷ್ಟಿವೆ, ಮೇಲೆ ಎಷ್ಟಿವೆ ಎಣಿಸಿ. ಕೆಳಗೆ ಒಂದೂ ಇಲ್ಲದ ಗೋಡೆ ಆಸ್ಪತ್ರೆ ಬಂದ ದಿನದ್ದು. ಆ ಪದರವೇ ಇಲ್ಲದ ಗೋಡೆ ಇನ್ನೂ ಈಚಿನದು. ಕೆಳಗೆ ಎಂಟು ಹತ್ತು ಇದ್ದರೆ ಮನೆಯ ಕಾಲದ್ದು. ಹೀಗೆ ಒಂದು ವರ್ಷದ ಅಂಕಿಯೂ ಇಲ್ಲದೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಇಡೀ ಕಟ್ಟಡಕ್ಕೆ ಸಾಲು ಹಚ್ಚಬಹುದು. ಕಾಗದದಿಂದ ಒಂದೇ ಒಂದು ವರ್ಷ ಸಿಕ್ಕಿದರೂ ಈ ಸಾಲಿಗೆ ಒಂದು ಗೂಟ ಸಿಕ್ಕಿದ ಹಾಗೆ.

ಕಟ್ಟಿದ ಕಾಲಕ್ಕೆ: ಹಂಚಿನ ಹಿಂಬದಿಯ ಮುದ್ರೆ ನೋಡಿ. ಮಂಗಳೂರು ಹಂಚಿನ ಮೊದಲ ಕಾರ್ಖಾನೆ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಶುರು ಮಾಡಿದ್ದು 1865ರಲ್ಲಿ. ಮುದ್ರೆ ಇದ್ದರೆ ಅದಕ್ಕಿಂತ ಹಿಂದಿನದಲ್ಲ ಅಂತ ಮಾತ್ರ ಗೊತ್ತಾಗುತ್ತೆ, ಯಾಕಂದರೆ ಹಂಚು ಮತ್ತೆ ಹೊದಿಸಿರ್ತಾರೆ. ಉಕ್ಕಿನ ತೊಲೆ ಎಲ್ಲಾದರೂ ಇದ್ದರೆ ಸುಣ್ಣ ಕೆರೆದು ನಡುಭಾಗದಲ್ಲಿ ಉಬ್ಬು ಅಕ್ಷರ ಹುಡುಕಿ. ಟಾಟಾ ಅಂತಿದ್ದರೆ 1912ರ ಈಚೆಯದ್ದು. ಮರದ ಪಟ್ಟಿಯ ಮೇಲೆ ಓಡಿಸಿದ ಹಳೇ ವೈರಿಂಗ್ ಇದ್ದರೆ ಅದು 1905ಕ್ಕೆ ಹಿಂದಿನದಾಗೋಕೆ ಸಾಧ್ಯವಿಲ್ಲ, ಪೇಟೆಗೆ ಶಿವನಸಮುದ್ರದ ದೀಪ ಬಂದಿದ್ದೇ ಆ ವರ್ಷ. ಆದರೆ ವೈರಿಂಗ್ ಕೋಣೆಗಿಂತ ಈಚಿನದು ಆಗಿರಬಹುದು ಅನ್ನೋದು ಮರೆಯಬೇಡಿ. 9 × 4½ × 3 ಇಂಚಿನ ಇಟ್ಟಿಗೆ ಹಳೇ ಅಳತೆ, 19 × 9 × 9 ಸೆಂ.ಮೀ. ಮೀಟರ್ ಪದ್ಧತಿ ಬಂದ ಮೇಲಿನದು.

ಪ್ಲೇಗ್ ಮಾತು. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬಂದದ್ದು ನಿಜ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡಿದ್ದೂ ಅದರ ಭಯಕ್ಕೆ. ಆದರೆ ರೋಗಿಗಳನ್ನು ಊರಿಂದ ದೂರ ಶೆಡ್ಡುಗಳಲ್ಲಿ, ಡೇರೆಗಳಲ್ಲಿ ಇಡೋದು ಆ ಕಾಲದ ಕ್ರಮ. ದೊಡ್ಡವರ ಬಂಗಲೆಯೊಂದನ್ನು ಪ್ಲೇಗ್ ಆಸ್ಪತ್ರೆ ಮಾಡಿದ್ದರೆ ಅದರ ಜಾಡು ಸರ್ಕಾರಿ ಕಡತದಲ್ಲಿ ಇರಲೇಬೇಕು. ಹಳೇ ಮನೆ, ಹಳೇ ಆಸ್ಪತ್ರೆ ಎರಡೂ ಸೇರಿದ ಕಡೆ ಜನರ ನೆನಪು ಈ ಎರಡನ್ನೂ ಪ್ಲೇಗಿಗೆ ಗಂಟು ಹಾಕುತ್ತೆ. ಆಧಾರ ಸಿಗೋವರೆಗೆ ಫಲಕದಲ್ಲಿ ಬರೆಸಬೇಡಿ.

ಸೈಟ್‌ಇಂಜಿನಿಯರ್ ಉತ್ತರ:

ಇಷ್ಟೆಲ್ಲಾ ಯಾಕೆ? ಗಾರೆಯ ಮೇಲೆ ಎರಡು ಹನಿ ಆ್ಯಸಿಡ್ ಬಿಡಿ. ಬುರುಗು ಬಂದರೆ ಸುಣ್ಣ, ಮೂಲದ ಗೋಡೆ. ಬರದಿದ್ದರೆ ಸಿಮೆಂಟು, ಆಮೇಲಿನದು.

ಗಾರೆ ಉತ್ತರ:

ಸರ್, ದಯವಿಟ್ಟು ಈ ಪರೀಕ್ಷೆ ನೆಚ್ಚಿಕೊಳ್ಳಬೇಡಿ. ಹಳೇ ಸಿಮೆಂಟ್ ಗಿಲಾವು ಕೂಡ ಗಾಳಿಯಲ್ಲಿನ ಇಂಗಾಲಾಮ್ಲ ಹೀರಿ ಮೇಲ್ಪದರದಲ್ಲಿ ಸುಣ್ಣದಕಲ್ಲಿನ ಅಂಶ ಕಟ್ಟಿಕೊಂಡಿರುತ್ತೆ, ಅದೂ ಬುರುಗು ಬಿಡುತ್ತೆ. ಮೇಲೆ ಹತ್ತು ಕೋಟ್ ಸುಣ್ಣ ಬಳಿದಿದ್ದರಂತೂ ಯಾವ ಗೋಡೆಯಾದರೂ ನೊರೆಯೇ. ಮೊಳೆಯಿಂದ ಗೀಚೋದೇ ಮೇಲು: ಸುಣ್ಣದ ಗಾರೆ ಬೆಣ್ಣೆಬಿಳಿ, ಮೊಳೆಗೆ ಪುಡಿ ಬರುತ್ತೆ, ಒಳಗೆ ಅರಳದ ಸುಣ್ಣದ ಬಿಳಿ ಗುಳಿಗೆಗಳು ಕಾಣುತ್ತವೆ. ಸಿಮೆಂಟು ಬೂದು ಬಣ್ಣ, ಗೀಚಿದರೆ ಬರೀ ಗೆರೆ. ಇನ್ನೂ ಖಚಿತ ಬೇಕಿದ್ದರೆ 100 ಗ್ರಾಂ ಗಾರೆಯನ್ನು ಒಳಗಿಂದ, ಅಂದರೆ ಕನಿಷ್ಠ 2 ಇಂಚು ಆಳದಿಂದ ತೆಗೆದು ಲ್ಯಾಬಿಗೆ ಕೊಡಿ. ಆ್ಯಸಿಡ್‌ನಲ್ಲಿ ಕರಗಿಸಿ, ಉಳಿದ ಮರಳು ತೂಗಿ, ಸುಣ್ಣಕ್ಕೆ ಮರಳೆಷ್ಟು ಅಂತ ಹೇಳ್ತಾರೆ. ರಿಪೇರಿಗೆ ಅದೇ ಪಾಕ ಕಲಸೋಕೂ ಆ ಅಂಕಿ ಬೇಕು.

ಇನ್ನೊಂದು: ಸಿಮೆಂಟ್ ಗಿಲಾವು ಕಂಡ ಮಾತ್ರಕ್ಕೆ ಗೋಡೆ ಈಚಿನದಲ್ಲ. ಎರಡು ಅಡಿ ದಪ್ಪದ ಹಳೇ ಗೋಡೆಗೇ ಆಸ್ಪತ್ರೆಯವರು ಸಿಮೆಂಟ್ ಮೆತ್ತಿರ್ತಾರೆ. ನಿಮ್ಮ ಥಿಯೇಟರ್ ಗೋಡೆಯ ಕಥೆ ಬಹುಶಃ ಅದೇ.

ಆಸ್ಪತ್ರೆ_ಎಂಜಿನಿಯರಿಂಗ್ ಉತ್ತರ:

ಯಾರೂ ಮುಟ್ಟದ ಭಾಗಕ್ಕೆ ಬರ್ತೀನಿ. ಆಸ್ಪತ್ರೆ ಖಾಲಿಯಾದರೂ ಒಳಗೆ ಉಳಿಯೋ ವಸ್ತುಗಳಿವೆ. ಕೂಲಿಯವರು ಒಳಗೆ ಕಾಲಿಡೋ ಮೊದಲು ಇವನ್ನು ನೋಡಿಕೊಳ್ಳಿ.

ಎಕ್ಸ್‌ರೇ ಕೋಣೆ: ಕರೆಂಟ್ ತೆಗೆದ ಮೇಲೆ ಯಂತ್ರದಿಂದ ವಿಕಿರಣ ಬರಲ್ಲ, ಗೋಡೆಯಲ್ಲೂ ವಿಕಿರಣ ಉಳಿಯಲ್ಲ. ಈ ಭಯ ಬಿಡಿ. ಬಾಗಿಲು ಭಾರ ಇರೋದು ಒಳಗಿನ ಸೀಸದ ತಗಡಿಗೆ. 2 ಮಿ.ಮೀ. ಸೀಸ ಒಂದು ಚದರ ಮೀಟರಿಗೆ ಸುಮಾರು 23 ಕೆ.ಜಿ. ತೂಗುತ್ತೆ. 7 × 4 ಅಡಿ ಬಾಗಿಲಲ್ಲಿ ಸೀಸವೇ 60 ಕೆ.ಜಿ. ಹತ್ತಿರ. ಕೀಲು ಹಳತಾಗಿ ಬಾಗಿಲು ಜೋತು ಬಿದ್ದಿರುತ್ತೆ, ಹಾಗಾಗಿ ಅಲ್ಲಾಡಲ್ಲ. ಕಟ್ಟರ್‌ನಿಂದ ಕೊಯ್ಯಬೇಡಿ, ಸೀಸದ ಧೂಳು, ಹೊಗೆ ಎರಡೂ ವಿಷ. ಕೆಳಗೆ ಆನಿಕೆ ಕೊಟ್ಟು ಕೀಲಿನ ತಿರುಪು ಬಿಚ್ಚಿ ನಾಲ್ಕು ಜನ ಇಳಿಸಿ. ಗೋಡೆಗೆ ಸಾಮಾನ್ಯವಾಗಿ ಬೇರೆ ತಗಡು ಇರಲ್ಲ, 9 ಇಂಚಿನ ಇಟ್ಟಿಗೆ ಗೋಡೆಯೇ ಎಕ್ಸ್‌ರೇಗೆ ಸುಮಾರು 2 ಮಿ.ಮೀ. ಸೀಸಕ್ಕೆ ಸಮ. ದಪ್ಪ ಗೋಡೆಯ ಹಳೇ ಬಂಗಲೆಗಳು ಈ ಕೆಲಸಕ್ಕೆ ಸಲೀಸಾಗಿ ಒಗ್ಗಿಕೊಂಡಿದ್ದಕ್ಕೆ ಅದೂ ಒಂದು ಕಾರಣ. ಯಂತ್ರ ಇನ್ನೂ ಅಲ್ಲೇ ಇದ್ದರೆ ಗುಜರಿಗೆ ಹಾಕೋ ಮುಂಚೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಅವರ ಇ-ಲೋರಾ ತಾಣದ ಮೂಲಕ ತಿಳಿಸಬೇಕು. ಸೀಸದ ಸಣ್ಣ ಪೆಟ್ಟಿಗೆ ಅಥವಾ ತಿಜೋರಿ ಕಂಡರೆ ಮಾತ್ರ ಬೇರೆ ಮಾತು: ಹಳೇ ಕಾಲದಲ್ಲಿ ಗರ್ಭಕೋಶದ ಕ್ಯಾನ್ಸರಿಗೆ ರೇಡಿಯಂ ಸೂಜಿ ಬಳಸ್ತಿದ್ದರು. ತೆರೆಯಬೇಡಿ, ಕೋಣೆಗೆ ಬೀಗ ಹಾಕಿ ಅದೇ ಮಂಡಳಿಗೆ ಫೋನ್ ಮಾಡಿ.

ಪಾದರಸ: ಒಂದು ಥರ್ಮಾಮೀಟರಿನಲ್ಲಿ ಇರೋದು ಒಂದು ಗ್ರಾಂ ಒಳಗೆ, ಆದರೆ ಹಳೇ ಬಿ.ಪಿ. ಯಂತ್ರ ಒಂದರಲ್ಲೇ 100 ಗ್ರಾಂ ಹತ್ತಿರ. ಐವತ್ತು ವರ್ಷದಲ್ಲಿ ಒಡೆದದ್ದೆಲ್ಲ ನೆಲದ ಬಿರುಕಿನಲ್ಲಿ, ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ಕೂತಿರುತ್ತೆ. ಪ್ಲಂಬರ್ ಆ ಪೈಪು ಬಿಚ್ಚುವಾಗ ಕೆಳಗೆ ಪ್ಲಾಸ್ಟಿಕ್ ಟಬ್ ಇಡಿ. ಬೆಳ್ಳಿ ಹನಿ ಕಂಡರೆ ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ, ಅದು ಹನಿಯನ್ನು ಆವಿ ಮಾಡಿ ಕೋಣೆ ತುಂಬಾ ಹರಡುತ್ತೆ. ಕಿಟಕಿ ತೆರೆದು, ಡ್ರಾಪರ್‌ನಿಂದ ಎತ್ತಿ, ನೀರಿರೋ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಅಪಾಯಕಾರಿ ತ್ಯಾಜ್ಯದವರಿಗೆ ಕೊಡಿ.

ಹಿತ್ತಲು: ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮ ಬಂದಿದ್ದು 1998ರಲ್ಲಿ. ಅದಕ್ಕೆ ಮುಂಚೆ ಮಾಸು, ಬ್ಯಾಂಡೇಜು, ಸೂಜಿ ಎಲ್ಲಾ ಕಾಂಪೌಂಡಿನ ಗುಂಡಿಗೇ. ಔಟ್‌ಹೌಸ್ ಹಿಂದೆ ಚಪ್ಪಡಿ ಮುಚ್ಚಿದ ಗುಂಡಿ, ಅಥವಾ ಸುತ್ತಲಿಗಿಂತ ತಗ್ಗಿದ ಜಾಗ ಇದ್ದರೆ ಸುತ್ತ ಹಗ್ಗ ಕಟ್ಟಿ. ಹೊಸ ಡ್ರೈನ್, ಮಳೆನೀರು ಇಂಗುಗುಂಡಿ ಅಲ್ಲಿ ತೋಡಬೇಡಿ. ಸೂಜಿ ಮಣ್ಣಲ್ಲಿ ಕೊಳೆಯಲ್ಲ.

ರಿಜಿಸ್ಟರುಗಳು: ಒಳರೋಗಿಗಳ ದಾಖಲೆ ಮೂರು ವರ್ಷ ಇಡಬೇಕು ಅನ್ನೋದು ವೈದ್ಯಕೀಯ ಮಂಡಳಿಯ 2002ರ ನಿಯಮ. ಆಮೇಲೆ ಎಸೆಯಬಹುದು ಅಂತ ಎಲ್ಲಾ ತೂಕಕ್ಕೆ ಹಾಕ್ತಾರೆ. ಹೆರಿಗೆ ರಿಜಿಸ್ಟರಿನ ಮೊದಲ ಸಂಪುಟ ಸಿಕ್ಕಿದರೆ ನೀವು ಹುಡುಕ್ತಿರೋ ವರ್ಷ ಅದರ ಮೊದಲ ಪುಟದಲ್ಲೇ ಇರುತ್ತೆ. ಕಾಪಾಡಿ, ಆದರೆ ಹೆಸರಿರೋ ಪುಟದ ಫೋಟೊ ಎಲ್ಲೂ ಹಾಕಬೇಡಿ. ಅಲ್ಲಿ ಹೆತ್ತ ತಾಯಂದಿರ ಖಾಸಗಿ ಸಂಗತಿ ಅದು. ಎಕ್ಸ್‌ರೇ ಫಿಲ್ಮಿನ ಕಟ್ಟು ಸಿಕ್ಕಿ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಹಾಳಾಗ್ತಿದೆ ಅಂತ ಅರ್ಥ, ಬೇರೆ ಕಾಗದಗಳಿಂದ ದೂರ ಇಡಿ.

ಮಂಕಿಟಾಪ್:

ಬಹಳ ಉಪಕಾರ. ನೆಲದಡಿಯ ಗುಂಡಿ ಇರಬಹುದು ಅಂತ ಯಾರೂ ಹೇಳಿರಲಿಲ್ಲ, ಇಂಗುಗುಂಡಿಗೆ ಗುರುತು ಹಾಕಿದ್ದೇ ಆ ಮೂಲೆಯಲ್ಲಿ. ಬದಲಾಯಿಸ್ತೀವಿ. ತಾರಸಿ ಬಗ್ಗೆ ಯಾರಾದರೂ ಹೇಳಿ. ಮೇಲೆ 2 ಇಂಚು ಸಿಮೆಂಟ್ ಕಾಂಕ್ರೀಟು, ಅದರ ಮೇಲೆ ಡಾಂಬರು ಹಾಳೆ, ನಡುವೆ ಎರಡು 1000 ಲೀಟರ್ ಸಿಂಟೆಕ್ಸ್ ಇವೆ. ಕಂಟ್ರಾಕ್ಟರು ಮದ್ರಾಸ್ ತಾರಸಿ ತೆಗೆದು ಆರ್‌ಸಿಸಿ ಹಾಕೋಣ ಅಂತಿದ್ದಾರೆ.

ಗಾರೆ ಉತ್ತರ:

ಆರ್‌ಸಿಸಿ ಬೇಡ. ಸುಣ್ಣದ ಗೋಡೆಯ ಮೇಲೆ ಬಿಗಿಯಾದ ಸ್ಲ್ಯಾಬ್ ಕೂತರೆ ಬಿಸಿಲಿಗೆ ಅದು ಹಿಗ್ಗಿ ಗೋಡೆಯ ತಲೆಯನ್ನು ಹೊರಗೆ ನೂಕುತ್ತೆ, ಕಾರ್ನಿಸ್ ಕೆಳಗೆ ಅಡ್ಡ ಬಿರುಕು ಬರುತ್ತೆ. ನಿಮ್ಮ ತಾರಸಿ ಸೋರೋಕೆ ಕಾರಣ ಮದ್ರಾಸ್ ತಾರಸಿ ಅಲ್ಲ, ಅದರ ಮೇಲೆ ಹೇರಿರೋದು. ಲೆಕ್ಕ ನೋಡಿ: 2 ಇಂಚು ಕಾಂಕ್ರೀಟು 100 ಚದರಡಿಗೆ ಸುಮಾರು ಒಂದು ಟನ್. ಎರಡು ಟ್ಯಾಂಕ್ ತುಂಬಿದರೆ ಇನ್ನೆರಡು ಟನ್, ಅದೂ ಜಂತೆಗಳ ನಟ್ಟನಡುವೆ. ಜಂತೆ ಬಾಗುತ್ತೆ, ಬಾಗಿದ ಕಡೆ ಸಿಮೆಂಟು ಬಿರುಕು ಬಿಡುತ್ತೆ, ನೀರು ಇಳಿಯುತ್ತೆ, ಡಾಂಬರು ಹಾಳೆ ಇರೋದರಿಂದ ಇಳಿದ ನೀರು ಮೇಲಕ್ಕೆ ಆರಿಹೋಗಲ್ಲ. ಗೋಡೆಯೊಳಗೆ ಹೂತ ಜಂತೆಯ ತುದಿ ಕೊಳೆಯೋದು ಅಲ್ಲಿಂದ.

ಕೆಲಸದ ಕ್ರಮ. ನಾಳೆಯೇ ಟ್ಯಾಂಕ್ ಖಾಲಿ ಮಾಡಿ ಇಳಿಸಿ, ಬೇಕಿದ್ದರೆ ದಪ್ಪ ಗೋಡೆಗಳು ಕೂಡೋ ಮೂಲೆಗೆ ಸರಿಸಿ. ಕೆಳಗಿಂದ ಪ್ರತಿ ಜಂತೆಯ ಎರಡೂ ತುದಿಗೆ ಚೂಪು ದಬ್ಬಳ ಚುಚ್ಚಿ ನೋಡಿ. ಗಟ್ಟಿ ತೇಗ ಆದರೆ 2-3 ಮಿ.ಮೀ.ಗಿಂತ ಹೋಗಲ್ಲ. ಅರ್ಧ ಇಂಚು ಹೋದರೆ ಆ ತುದಿ ಹೋಯಿತು. ಇಡೀ ಜಂತೆ ಬದಲಾಯಿಸೋ ಅಗತ್ಯ ಇಲ್ಲ, ಕೊಳೆತ ಭಾಗ ಕತ್ತರಿಸಿ ಅದೇ ಜಾತಿಯ ಮರ ಬೆಸೆದು, ಎರಡೂ ಕಡೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಹಾಕಬಹುದು. ಮರದ ತುದಿಯ ಸುತ್ತ ಗೋಡೆಯಲ್ಲಿ ಅರ್ಧ ಇಂಚು ಗಾಳಿಗೆ ಬಿಡಿ, ಸಿಮೆಂಟ್ ತುಂಬಿ ಮುಚ್ಚಿದರೆ ಮತ್ತೆ ಕೊಳೆಯುತ್ತೆ.

ಆಮೇಲೆ ಕೆಳಗೆ ಸರ್ವೆ ಕಂಬ, ಹಲಗೆ ಆನಿಸಿ, ಮೇಲಿನ ಡಾಂಬರು, ಕಾಂಕ್ರೀಟನ್ನು ಉಳಿ ಸುತ್ತಿಗೆಯಲ್ಲೇ ತೆಗೆಯಿಸಿ. ಬ್ರೇಕರ್ ಯಂತ್ರ ತರಿಸಲೇಬೇಡಿ. ಜಂತೆಗಳ ಮೇಲೆ ಓರೆಯಾಗಿ, ಮಗ್ಗುಲಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆಗಳು, ಅಂದಾಜು 6 × 3 × 1 ಇಂಚಿನವು, ಒಂದನ್ನೊಂದು ಒತ್ತಿಕೊಂಡೇ ನಿಂತಿವೆ. ನಡುಕಕ್ಕೆ ಒಂದು ಉದುರಿದರೆ ಪಕ್ಕದ್ದು ಸಡಿಲ. ಹಳೇ ಸುಣ್ಣದ ಜಲ್ಲಿ ಗಟ್ಟಿ ಇದ್ದ ಕಡೆ ಬಿಟ್ಟುಬಿಡಿ, ಪೊಳ್ಳು ಸದ್ದು ಬರೋ ಕಡೆ ಮಾತ್ರ ಕಿತ್ತು ಹೊಸದು ಹಾಕಿ.

ಹೊಸದಕ್ಕೆ: 100 ಚದರಡಿಗೆ, ಬಡಿದ ಮೇಲೆ 3 ಇಂಚು ಉಳಿಯಬೇಕಾದರೆ, ಸುಮಾರು 28 ಘನಅಡಿ ಇಟ್ಟಿಗೆ ಜಲ್ಲಿ, 11 ಘನಅಡಿ ಅರಳಿದ ಸುಣ್ಣ. ಮರಳು ಬೇಡ. ಜಲ್ಲಿ 20 ಮಿ.ಮೀ., ಚೆನ್ನಾಗಿ ಬೆಂದ ಇಟ್ಟಿಗೆಯದ್ದು, ಹಿಂದಿನ ರಾತ್ರಿಯೇ ನೆನೆಸಿರಬೇಕು, ಒಣ ಜಲ್ಲಿ ಸುಣ್ಣದ ನೀರನ್ನೆಲ್ಲ ಕುಡಿದುಬಿಡುತ್ತೆ. ಸುಣ್ಣ ಗುಂಡಿಯಲ್ಲಿ ಕನಿಷ್ಠ ಮೂರು ವಾರ ಅರಳಿರಲಿ, ಜರಡಿ ಹಿಡಿಯಿರಿ. ಚೀಲದ ಪುಡಿ ಸುಣ್ಣ ತಂದು ಅದೇ ದಿನ ಕಲಸಿದರೆ ಅರಳದ ಕಣ ತಾರಸಿಯೊಳಗೆ ಆಮೇಲೆ ಅರಳಿ ಗುಳ್ಳೆ ಏಳುತ್ತೆ. ಹಾಕಿದ ಮಾರನೇ ದಿನದಿಂದ ಮರದ ಕೊಟ್ಟಣದಲ್ಲಿ ಸಾಲಾಗಿ ಕೂತು ಬಡಿಯಬೇಕು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ. ಮೂರು ದಿನಕ್ಕೆ ಮುಗಿಯಬಹುದು, ವಾರವೂ ಆಗಬಹುದು. ಕೊಟ್ಟಣ ಪುಟಿಯಬೇಕು, ಗುರುತು ಬೀಳಬಾರದು, ಸುಣ್ಣದ ಹಾಲು ಮೇಲೆ ಬರಬೇಕು. ಅಲ್ಲಿವರೆಗೆ ನಿಲ್ಲಿಸಬೇಡಿ. ದಿನಗೂಲಿ ಉಳಿಸೋಕೆ ಎರಡನೇ ದಿನ ನಿಲ್ಲಿಸಿದ ತಾರಸಿಗಳೇ ಸೋರೋದು. ಮೇಲೆ ಚಪ್ಪಟೆ ಹಂಚು ಎರಡು ಸಾಲು, ಸಂದು ಒಂದರ ಮೇಲೊಂದು ಬಾರದಂತೆ. ಇಳಿಜಾರು 60ಕ್ಕೆ 1ಕ್ಕಿಂತ ಕಡಿಮೆ ಆಗದಿರಲಿ. ಹತ್ತು ದಿನ ಒದ್ದೆ ಗೋಣಿ. ಜನವರಿಯಲ್ಲಿ ಶುರು ಮಾಡಿದರೆ ಏಪ್ರಿಲ್‌ನ ಮಾವಿನ ಮಳೆಗೆ ಮುಂಚೆ ಮುಗಿಯುತ್ತೆ. ಮೊದಲು 3 × 3 ಅಡಿ ಒಂದು ಮಾದರಿ ಮಾಡಿಸಿ, ಆ ಮೇಸ್ತ್ರಿಯ ಕೈ ನೋಡಿ ಒಪ್ಪಿಸಿ.

ಥಿಯೇಟರ್ ಗೋಡೆ: ಬಿಳಿ ಟೈಲ್ಸ್, ಹಿಂದೆ ಸಿಮೆಂಟು, ತೇವ ಹೊರಬರೋಕೆ ದಾರಿಯಿಲ್ಲದೆ ಟೈಲ್ಸ್ ಮುಗಿದ ಕಡೆಗೆ ಏರಿ ಅಲ್ಲಿ ಉಪ್ಪಾಗಿದೆ. ಬ್ಲೀಚಿಂಗ್ ಪೌಡರ್ ಹಾಕಿ ವರ್ಷಗಟ್ಟಲೆ ತೊಳೆದದ್ದು ಇದಕ್ಕೆ ಉಪ್ಪು ಕೂಡಿಸಿದೆ. ಉಪ್ಪಿನ ಗೆರೆಯಿಂದ ಒಂದೂವರೆ ಅಡಿ ಮೇಲಿನವರೆಗೆ ಸಿಮೆಂಟ್ ಗಿಲಾವು ತೆಗೆದು ಗೋಡೆಯನ್ನು ಬರಿದಾಗಿ ಬಿಡಿ. ಇಂಚಿಗೆ ಒಂದು ತಿಂಗಳು ಲೆಕ್ಕ, 18 ಇಂಚಿಗೆ ಒಂದೂವರೆ ವರ್ಷ. ಕಾಯೋಕೆ ಆಗಲ್ಲ ಅಂತ ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿದರೆ ಉಪ್ಪು ಇನ್ನೂ ಮೇಲೇರುತ್ತೆ. ಉಪ್ಪನ್ನು ಒಣ ಬ್ರಷ್‌ನಲ್ಲಿ ಉದುರಿಸಿ ಗುಡಿಸಿ ತೆಗೆಯಿರಿ, ನೀರು ಹಾಕಿ ತೊಳೆದರೆ ಮತ್ತೆ ಗೋಡೆಗೇ ಹೋಗುತ್ತೆ. ಆರಿದ ಮೇಲೆ 1:3 ಸುಣ್ಣ-ಮರಳಿನ ಗಿಲಾವು, ಮೇಲೆ ಬರೀ ಸುಣ್ಣ.

ಸೈಟ್‌ಇಂಜಿನಿಯರ್ ಉತ್ತರ:

ಆ್ಯಸಿಡ್ ವಿಷಯ ಒಪ್ಪಿದೆ. ಒಂದು ಅಭಿಪ್ರಾಯ: ಇತಿಹಾಸ ಉಳಿಸೋದಾದರೆ ಆಸ್ಪತ್ರೆಯ ಪಾರ್ಟಿಷನ್, ಟೈಲ್ಸ್, ಮೊಸಾಯಿಕ್ ಎಲ್ಲಾ ತೆಗೆದು ಬಂಗಲೆಯನ್ನು ಮೊದಲಿದ್ದ ಹಾಗೆ ಮಾಡೋದೇ ಸರಿಯಲ್ಲವಾ?

ದಸ್ತಾವೇಜು ಉತ್ತರ:

ಒಪ್ಪಲ್ಲ. ಬ್ರೈಟನ್‌ನ ರಾಯಲ್ ಪೆವಿಲಿಯನ್ ನೋಡಿ. ಇಂಗ್ಲೆಂಡಿನ ರಾಜ ನಾಲ್ಕನೇ ಜಾರ್ಜ್‌ನ ವಿಲಾಸದ ಅರಮನೆ. 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಅದು ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆ. ಮತಾಚಾರ, ಊಟದ ಕಟ್ಟುಪಾಡಿಗೆ ತಕ್ಕಂತೆ ಒಂಬತ್ತು ಅಡುಗೆಮನೆ, ಹಿಂದೂ ಮುಸ್ಲಿಮರಿಗೆ ಬೇರೆ ಬೇರೆ ಕುಡಿಯುವ ನೀರು, ಅರಮನೆಯ ದೊಡ್ಡ ಪಾಕಶಾಲೆಯೇ ಆಪರೇಷನ್ ಥಿಯೇಟರ್. ತೀರಿಕೊಂಡ ಹಿಂದೂ, ಸಿಖ್ ಸೈನಿಕರ ಚಿತೆ ಉರಿದ ಪ್ಯಾಚಮ್ ಗುಡ್ಡದ ಮೇಲೆ 1921ರಲ್ಲಿ ಛತ್ರಿ ಅನ್ನೋ ಸ್ಮಾರಕ ಮಂಟಪ ಕಟ್ಟಿದರು. ಅಲ್ಲಿ ಆ ಆಸ್ಪತ್ರೆ ಇದ್ದದ್ದು ಸ್ವಲ್ಪ ಕಾಲ ಮಾತ್ರ, ಗೋಡೆಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಆ ಕಾಲ ಇವತ್ತಿಗೂ ಕಣ್ಣಿಗೆ ಕಟ್ಟೋದು ಫೋಟೊಗಳಿಂದ, ಪತ್ರಗಳಿಂದ. ಇಲ್ಲಿ ಅದರ ತಿರುವುಮುರುವು: ಫೋಟೊ ಇಲ್ಲ, ಪತ್ರ ಇಲ್ಲ, ಅಷ್ಟು ವರ್ಷದ ಆಸ್ಪತ್ರೆ ಇರೋದು ಗೋಡೆಯಲ್ಲೇ. ಅದನ್ನು ಕಿತ್ತರೆ ಆ ಕಾಲಕ್ಕೆ ಸಾಕ್ಷಿಯೇ ಇಲ್ಲ. ಬಂಗಲೆಯಲ್ಲಿ ಒಂದು ಕುಟುಂಬ ಇತ್ತು, ಹೆರಿಗೆ ಕೋಣೆಯಲ್ಲಿ ಇಡೀ ಬಡಾವಣೆಯೇ ಹುಟ್ಟಿದೆ.

ಗಾರೆ ಉತ್ತರ:

ನನ್ನ ಮತವೂ ಅದೇ, ಆದರೆ ಎಲ್ಲಾ ಉಳಿಸೋಕೂ ಆಗಲ್ಲ. ವರಾಂಡವನ್ನು ಮುಚ್ಚಿದ ಅರ್ಧ ಇಟ್ಟಿಗೆ ಗೋಡೆ ತೆಗೆಯಬೇಕು, ಗಾಳಿ ಆಡದೆ ಮನೆಯೊಳಗೆಲ್ಲ ತೇವ ನಿಂತಿರೋದು ಅದರಿಂದ. ಫಾಲ್ಸ್ ಸೀಲಿಂಗ್ ತೆಗೆಯಬೇಕು, ಜಂತೆ ಕಣ್ಣಿಗೆ ಕಾಣ್ತಿರಬೇಕು. ಉಳಿಸಬೇಕಾದ್ದು: ಥಿಯೇಟರಿನ ಮೊಸಾಯಿಕ್ ನೆಲ, ಗೋಡೆಗೆ ಕೂಡೋ ಕಡೆ ಮೂಲೆಯಿಲ್ಲದೆ ದುಂಡಗೆ ತಿರುಗಿಸಿದ ಅಂಚು, ಹೆರಿಗೆ ಕೋಣೆಯ ಬಾಗಿಲು, ಎನಾಮಲ್ ಬೋರ್ಡುಗಳು, ಕರೆಗಂಟೆಯ ಪೆಟ್ಟಿಗೆ. ಟೈಲ್ಸ್‌ನಲ್ಲಿ ಒಣ ಗೋಡೆಯ ಒಂದು ಪಕ್ಕ ಹಾಗೇ ಬಿಡಿ, ತೇವದ ಪಕ್ಕ ಮಾತ್ರ ಬಿಚ್ಚಿ. ಬಣ್ಣ ಕೆರೆದ ಮೆಟ್ಟಿಲುಗಳಲ್ಲಿ ಒಂದನ್ನು ಮುಚ್ಚದೆ ಗಾಜು ಹಾಕಿ ಬಿಡಿ. ಲಿಫ್ಟ್, ಹೊಸ ಶೌಚಾಲಯ ಹಳೇ ಕಟ್ಟಡದೊಳಗೆ ತುರುಕಬೇಡಿ, ಹಿಂದೆ ಬೇರೆಯಾಗಿ ಕಟ್ಟಿ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ 2009ರಲ್ಲಿ ಆಧುನಿಕ ಕಲಾ ಗ್ಯಾಲರಿ ಆದಾಗ ಹೊಸ ಜಾಗ ಬೇಕಾದ್ದಕ್ಕೆ ಪಕ್ಕದಲ್ಲಿ ಹೊಸ ಕಟ್ಟಡವನ್ನೇ ಎಬ್ಬಿಸಿದರು, ಹೋಗಿ ನೋಡಿ ಬನ್ನಿ.

ಮಂಕಿಟಾಪ್:

ಕೊನೆಯದು: ಪಾರ್ಟಿಷನ್ ತೆಗೆಯುವಾಗ ಅದು ಭಾರ ಹೊತ್ತಿಲ್ಲ ಅಂತ ಖಾತ್ರಿ ಹೇಗೆ? ಒಂದು ಕಡೆ ಜಂತೆ ಅದರ ತಲೆಗೆ ತಾಗಿದೆ.

ಗಾರೆ ಉತ್ತರ:

ಕಟ್ಟಿದಾಗ ಹೊತ್ತಿರಲಿಲ್ಲ, ಜಂತೆ ಬಾಗಿ ಈಗ ಕೂತಿರಬಹುದು. ಜಂತೆಗೂ ಗೋಡೆಯ ತಲೆಗೂ ನಡುವೆ ಪೋಸ್ಟ್‌ಕಾರ್ಡ್ ತೂರಿಸಿ. ತೂರಿದರೆ ಭಾರ ಇಲ್ಲ. ತೂರದಿದ್ದರೆ ತಾರಸಿ ಮೇಲಿನ ಕಾಂಕ್ರೀಟು ಇಳಿಸೋವರೆಗೆ ಆ ಗೋಡೆ ಮುಟ್ಟಬೇಡಿ. ಇಳಿಸಿದ ಮೇಲೆ ಎರಡೂ ಪಕ್ಕ ಒಂದೊಂದು ಅಡಿ ಬಿಟ್ಟು ಜ್ಯಾಕ್ ಕಂಬ ಆನಿಸಿ, ಗೋಡೆಯನ್ನು ಮೇಲಿಂದ ಎರಡು ವರಸೆ ಮಾತ್ರ ತೆಗೆದು, ಜಂತೆಯ ಕೆಳಗೆ ದಾರ ಬಿಗಿದು ಒಂದು ವಾರ ಅಳತೆ ನೋಡಿ. 3 ಮಿ.ಮೀ.ಗಿಂತ ಹೆಚ್ಚು ಇಳಿಯದಿದ್ದರೆ ಉಳಿದದ್ದು ತೆಗೆಯಬಹುದು. ಇಳಿದರೆ ಅಲ್ಲಿಗೆ ನಿಲ್ಲಿಸಿ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ, ಆ ಜಂತೆಗೆ ಬೇರೆ ಆಧಾರ ಬೇಕು.